ಹೆರಿಗೆ ಮನೆಯಲ್ಲಿ, ಬಿಲ್ ಆಂಬುಲೆನ್ಸಿನದು

ಎರಡನೇ ಮಗುವನ್ನು ನಾನು ಹೆತ್ತದ್ದು ನೆದರ್ಲೆಂಡ್ಸ್‌ನ ಐಂಡ್‌ಹೋವನ್‌ನಲ್ಲಿರುವ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ, 2025ರ ಮಾರ್ಚ್‌ನಲ್ಲಿ. ಊರಿನವರಿಗೆ ಇದನ್ನು ಹೇಳಿದರೆ ಮೊದಲು ಬರುವ ಪ್ರಶ್ನೆ, "ಭಯ ಆಗಲಿಲ್ವಾ?" ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಬರುತ್ತದೆ, "ಇನ್ಶೂರೆನ್ಸ್ ಕೊಡ್ತಾ?" ಮೊದಲನೆಯದಕ್ಕೆ ನನ್ನ ಉತ್ತರ ಗಳಿಗೆಗೊಂದು ಥರ ಬದಲಾಗುತ್ತಿತ್ತು. ಎರಡನೆಯದಕ್ಕೆ ಸರಿಯಾದ ಉತ್ತರ ಇದೆ, ಆದರೆ ಉದ್ದ ಇದೆ. ಫೋನಿನಲ್ಲಿ ಹೇಳಿ ಹೇಳಿ ಸಾಕಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಮಗಳು ಹುಟ್ಟಿದ್ದು ಬೆಂಗಳೂರಿನಲ್ಲಿ, ಖಾಸಗಿ ಆಸ್ಪತ್ರೆಯಲ್ಲಿ. ಗಂಡನ ಕಂಪನಿಯ ಗ್ರೂಪ್ ಪಾಲಿಸಿ ಇತ್ತು. ಅದರಲ್ಲಿ ಹೆರಿಗೆಗೆ ಇಷ್ಟೇ ಅಂತ ಒಂದು ಮಿತಿ. ಡಾಕ್ಟರ್ ಬೆಳಿಗ್ಗೆಯೇ "ಮನೆಗೆ ಹೋಗಬಹುದು" ಅಂದಿದ್ದರು, ವಿಮೆಯವರ ಒಪ್ಪಿಗೆ ಬಂದದ್ದು ಸಂಜೆ ದೀಪ ಹಚ್ಚುವ ಹೊತ್ತಿಗೆ. ಬಿಲ್‌ನಲ್ಲಿ ಗ್ಲೌಸ್, ಹತ್ತಿ, ಡೈಪರ್ ಎಲ್ಲ "ಕೊಡಲು ಬರುವುದಿಲ್ಲ" ಅನ್ನುವ ಪಟ್ಟಿಗೆ ಸೇರಿದ್ದವು. ಗಂಡ ಕೌಂಟರಿನಲ್ಲಿ ಕಾರ್ಡ್ ಉಜ್ಜಿ ಬಂದರು. ಆಗ ನಮಗೆ ಇದೆಲ್ಲ ವಿಚಿತ್ರ ಅನ್ನಿಸಲೇ ಇಲ್ಲ. ಎಲ್ಲರಿಗೂ ಹಾಗೇ ಆಗುತ್ತಲ್ಲ.

ಭಾರತದಲ್ಲಿ ಮನೆ ಹೆರಿಗೆಗೆ ವಿಮೆ ಅಂತ ಕೇಳಿದರೆ ಏಜೆಂಟ್ ನಮ್ಮ ಮುಖ ನೋಡುತ್ತಾನೆ. ಅವನ ತಪ್ಪಲ್ಲ. ಪಾಲಿಸಿಗಳಲ್ಲಿ ಹೆರಿಗೆ ಖರ್ಚು ಅಂದರೆ ಆಸ್ಪತ್ರೆಯಲ್ಲಿ ದಾಖಲಾಗಿ ಆದ ಖರ್ಚು ಅಂತಲೇ ಇರುತ್ತದೆ. ದಾಖಲಾತಿ ಇಲ್ಲದಿದ್ದರೆ ಕ್ಲೇಮೂ ಇಲ್ಲ. ನಾವೇ ಕೊಂಡ ಪಾಲಿಸಿಯಾದರೆ ಅದಕ್ಕೂ ಮೊದಲು ಎರಡು ಮೂರು ವರ್ಷ ಕಾಯಬೇಕಾದ್ದು ಸಾಮಾನ್ಯ. ಸರ್ಕಾರದ ದುಡ್ಡೂ ಆಸ್ಪತ್ರೆಯ ದಿಕ್ಕಿಗೇ ಹರಿಯುವುದು. 2005ರಲ್ಲಿ ಶುರುವಾದ ಜನನಿ ಸುರಕ್ಷಾ ಯೋಜನೆಯಲ್ಲಿ ಬಡವರ ಮನೆ ಹೆರಿಗೆಗೆ 500 ರೂಪಾಯಿ ಇದೆ, ಆಸ್ಪತ್ರೆಗೆ ಹೋದರೆ ಅದಕ್ಕಿಂತ ಜಾಸ್ತಿ. ನಮ್ಮ ಮಡಿಲು ಕಿಟ್ ಕೂಡ ಸರ್ಕಾರಿ ಆಸ್ಪತ್ರೆಯಲ್ಲಿ ಹೆತ್ತವರಿಗೇ ಸಿಗುತ್ತಿದ್ದದ್ದು. ಇದಕ್ಕೆಲ್ಲ ಒಳ್ಳೆಯ ಕಾರಣ ಇದೆ. ನಮ್ಮಜ್ಜಿ ಹರಪನಹಳ್ಳಿ ಕಡೆಯ ಹಳ್ಳಿಯಲ್ಲಿ ಮನೆಯಲ್ಲೇ ಹೆತ್ತವಳು. ಎರಡು ಮಕ್ಕಳನ್ನು ಕಳೆದುಕೊಂಡವಳು. ಪಾವಗಡದ ಸೂಲಗಿತ್ತಿ ನರಸಮ್ಮನಂಥವರು ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು, ನಿಜ. ಆದರೆ ಎಲ್ಲ ಹಳ್ಳಿಗೂ ಒಬ್ಬ ನರಸಮ್ಮ ಇರಲಿಲ್ಲ.

ಹಾಗಾಗಿ ಅಮ್ಮನಿಗೆ ವಿಷಯ ತಿಳಿಸಿದಾಗ ಅವಳು ಹೇಳಿದ್ದು ಒಂದೇ ಮಾತು. "ನಮ್ಮಮ್ಮ ಮನೆಯಲ್ಲಿ ಹೆತ್ತಿದ್ದು ಆಸ್ಪತ್ರೆ ಇರಲಿಲ್ಲ ಅಂತ ಕಣೇ. ನಿಂಗೇನು ಬಂದಿದೆ?"

ನನಗೆ ಬಂದದ್ದು ಹೀಗೆ. ನೆದರ್ಲೆಂಡ್ಸ್‌ನಲ್ಲಿ ಬಸುರಿಯಾದರೆ ಮೊದಲು ಫೋನ್ ಮಾಡುವುದು ಮಿಡ್‌ವೈಫ್‌ಗೆ. ಡಾಕ್ಟರ ಚೀಟಿ ಬೇಡ. ಇಲ್ಲಿನ ಮಿಡ್‌ವೈಫ್ ಅಂದರೆ ಹೆರಿಗೆ ಮಾಡಿಸುವುದನ್ನೇ ನಾಲ್ಕು ವರ್ಷ ಓದಿ ಬಂದವಳು. ಆಮ್ಲಜನಕ, ರಕ್ತ ನಿಲ್ಲಿಸುವ ಇಂಜೆಕ್ಷನ್, ಹೊಲಿಗೆ ಸಾಮಾನು, ಮಗುವಿಗೆ ಉಸಿರು ಕೊಡುವ ಚೀಲ ಎಲ್ಲ ಅವಳ ಕಾರಿನಲ್ಲೇ ಇರುತ್ತವೆ. ತೊಂದರೆ ಇಲ್ಲದ ಬಸಿರಿಗೆ ಗೈನಕಾಲಜಿಸ್ಟ್ ಮುಖವನ್ನೇ ನೋಡದೆ ಒಂಬತ್ತು ತಿಂಗಳು ಕಳೆಯಬಹುದು. ಯಾವ ತೊಂದರೆ ಬಂದರೆ ಯಾರ ಹತ್ತಿರ ಹೋಗಬೇಕು ಅಂತ ಇಡೀ ದೇಶಕ್ಕೆ ಒಂದೇ ಪಟ್ಟಿ ಇದೆ. ಬಿ.ಪಿ., ಇನ್ಸುಲಿನ್ ಬೇಕಾಗುವ ಸಕ್ಕರೆ, ಹಿಂದಿನ ಸಿಸೇರಿಯನ್, ಅವಳಿ, ಹೀಗೆ ಏನಾದರೂ ಇದ್ದರೆ ಆಸ್ಪತ್ರೆ. ಇಲ್ಲದಿದ್ದರೆ ಎಲ್ಲಿ ಹೆರಬೇಕು ಅನ್ನುವುದು ನಮ್ಮ ಇಷ್ಟ.

ಇಷ್ಟ ಅಂದೆ. ಆ ಇಷ್ಟಕ್ಕೆ ಬೆಲೆ ಕಟ್ಟಿಟ್ಟಿದ್ದಾರೆ. ನಾನು ಮೊದಲು ಬೆರಗಾದದ್ದು ಇದಕ್ಕೇ. ಮನೆಯಲ್ಲಿ ಹೆತ್ತರೆ ಮಿಡ್‌ವೈಫ್ ಖರ್ಚೆಲ್ಲ ಎಲ್ಲರೂ ಮಾಡಿಸಲೇಬೇಕಾದ ಮೂಲ ವಿಮೆಯದು, ನಾವು ಕೊಡಬೇಕಾದ್ದು ಸೊನ್ನೆ. ವೈದ್ಯಕೀಯ ಕಾರಣ ಇಲ್ಲದೆ, ಸುಮ್ನೆ ಧೈರ್ಯಕ್ಕೆ ಅಂತ ಆಸ್ಪತ್ರೆಯ ಕೋಣೆ ಬೇಕೆಂದರೆ ಅದೂ ಸಿಗುತ್ತದೆ. ಅದೇ ಮಿಡ್‌ವೈಫ್ ಅಲ್ಲಿಗೆ ಬಂದು ಹೆರಿಗೆ ಮಾಡಿಸುತ್ತಾಳೆ. ಆದರೆ ಕೋಣೆಯ ಲೆಕ್ಕದಲ್ಲಿ ಕೆಲವು ನೂರು ಯೂರೋ ನಮ್ಮ ಕೈಯಿಂದ ಹೋಗುತ್ತದೆ. ಕಾರಣ ಇದ್ದು ಹೋದರೆ ಮತ್ತೆ ಪೂರ್ತಿ ವಿಮೆಯದು. ಬೆನ್ನಿಗೆ ಚುಚ್ಚಿ ನೋವು ಕಡಿಮೆ ಮಾಡಿಸಿಕೊಳ್ಳುವುದೂ ಇಲ್ಲಿ ವೈದ್ಯಕೀಯ ಕಾರಣವೇ. ನಮ್ಮೂರಿನ ಲೆಕ್ಕ ಪೂರ್ತಿ ಉಲ್ಟಾ, ಅಲ್ವಾ?

ಇಷ್ಟಿದ್ದರೂ ಮನೆ ಹೆರಿಗೆ ಇಲ್ಲಿ ಕಡಿಮೆಯಾಗುತ್ತಲೇ ಬಂದಿದೆ. 1960ರ ದಶಕದಲ್ಲಿ ಮೂರರಲ್ಲಿ ಎರಡು ಮಕ್ಕಳು ಮನೆಯಲ್ಲಿ ಹುಟ್ಟುತ್ತಿದ್ದವಂತೆ. ಈಗ ನೂರಕ್ಕೆ ಹದಿನೈದರ ಆಸುಪಾಸು. ನಮ್ಮ ಪಕ್ಕದ ಮನೆಯ ಡಚ್ ಅಜ್ಜಿ ತನ್ನ ಮಕ್ಕಳನ್ನೆಲ್ಲ ಮನೆಯಲ್ಲೇ ಹೆತ್ತವಳು. ಅವಳ ಸೊಸೆ ಆಸ್ಪತ್ರೆಗೇ ಹೋದಳು.

ನನ್ನ ಗಂಡ ಚಿಪ್ ಯಂತ್ರ ಮಾಡುವ ಕಡೆ ಎಂಜಿನಿಯರ್. ಅವರಿಗೆ ಅಜ್ಜಿಯ ಮಾತು ಸಾಲದು, ಅಂಕಿ ಬೇಕು. 2009ರಲ್ಲಿ ಪ್ರಕಟವಾದ ಒಂದು ಡಚ್ ಅಧ್ಯಯನ ಹುಡುಕಿ ತೆಗೆದರು. ಐದು ಲಕ್ಷಕ್ಕೂ ಜಾಸ್ತಿ ಕಡಿಮೆ ಅಪಾಯದ ಹೆರಿಗೆಗಳನ್ನು ನೋಡಿ, ಮನೆಯಲ್ಲಿ ಹೆರಲು ಯೋಚಿಸಿದವರ ಮಕ್ಕಳಿಗೂ ಆಸ್ಪತ್ರೆ ಆರಿಸಿಕೊಂಡವರ ಮಕ್ಕಳಿಗೂ ಅಪಾಯದಲ್ಲಿ ವ್ಯತ್ಯಾಸ ಕಾಣಲಿಲ್ಲ ಅಂತ ಅದರಲ್ಲಿ ಹೇಳಿದ್ದರು. ಜೊತೆಗೆ ಒಂದು ಷರತ್ತೂ ಇತ್ತು. ಕಲಿತ ಮಿಡ್‌ವೈಫ್ ಇರಬೇಕು, ತೊಂದರೆಯಾದರೆ ಬೇಗ ಸಾಗಿಸುವ ವ್ಯವಸ್ಥೆ ಇರಬೇಕು. ಗಂಡ ಆ ಸಾಲಿಗೆ ಹಳದಿ ಬಣ್ಣ ಬಳಿದರು. ನಮ್ಮ ಮನೆಯಿಂದ ವೆಲ್ಡ್‌ಹೋವನ್‌ನ ಆಸ್ಪತ್ರೆಗೆ ರಾತ್ರಿ ಹೊತ್ತಲ್ಲಿ ಎಷ್ಟು ನಿಮಿಷ ಅಂತ ಒಮ್ಮೆ ಕಾರು ಓಡಿಸಿಯೂ ನೋಡಿದರು.

ಇನ್ನು ವಿಮೆ. ಇಲ್ಲಿ ವಿಮೆ ಕಂಪನಿಗಳು ಖಾಸಗಿಯವೇ. ಆದರೆ 2006ರ ಕಾನೂನಿನ ಪ್ರಕಾರ ಮೂಲ ಪಾಲಿಸಿಯಲ್ಲಿ ಏನೇನಿರಬೇಕು ಅಂತ ತೀರ್ಮಾನಿಸುವುದು ಸರ್ಕಾರ. ಅರ್ಜಿ ಹಾಕಿದವರನ್ನು ಕಂಪನಿ ತೆಗೆದುಕೊಳ್ಳಲೇಬೇಕು. ಬಸುರಿ ಅಂತ ತಿರಸ್ಕರಿಸುವಂತಿಲ್ಲ, ಕಾಯುವ ಅವಧಿ ಹಾಕುವಂತಿಲ್ಲ. ಈ ದೇಶಕ್ಕೆ ಬಂದು ನೆಲೆಸಿದವರು ನಾಲ್ಕು ತಿಂಗಳ ಒಳಗೆ ವಿಮೆ ಮಾಡಿಸಲೇಬೇಕು. ತಿಂಗಳ ಕಂತು ದೊಡ್ಡವರಿಗೆ ತಲೆಗೆ 150 ಯೂರೋ ಆಸುಪಾಸು. ಅದರ ಮೇಲೆ ಐಖನ್ ರಿಸಿಕೊ ಅಂತ ಒಂದಿದೆ. ವರ್ಷದಲ್ಲಿ ಚಿಕಿತ್ಸೆಗೆ ಆಗುವ ಮೊದಲ 385 ಯೂರೋ ನಾವೇ ಕೊಡಬೇಕು, ಆಮೇಲಿನದು ವಿಮೆಯದು. ಹೆರಿಗೆ ಸೇವೆಗೂ, ಮನೆಗೆ ಬಂದು ಬಾಣಂತಿಯನ್ನು ನೋಡಿಕೊಳ್ಳುವ ಬಾಣಂತನದ ಸೇವೆಗೂ ಈ 385 ಅನ್ವಯಿಸುವುದಿಲ್ಲ. ಬಾಣಂತನಕ್ಕೆ ಗಂಟೆಗಿಷ್ಟು ಅಂತ ಸಣ್ಣ ಪಾಲು ಬಿಟ್ಟರೆ ಅವು ಮೊದಲ ಯೂರೋದಿಂದಲೇ ವಿಮೆಯವು.

ಈ ಕೊನೆಯ ಸಾಲನ್ನು ಓದಿ ನಾವಿಬ್ಬರೂ ನಿರಾಳವಾಗಿ ಮಲಗಿದೆವು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೂ ಒಂದಿಷ್ಟು ಇತ್ತು. ಅದು ಆಮೇಲೆ ಬರುತ್ತದೆ.

ಮಿಡ್‌ವೈಫ್ ಹತ್ತಿರ ಮೊದಲ ಭೇಟಿ ಆಗಸ್ಟ್‌ನಲ್ಲಿ. ಯಾವುದೇ ಪೂರ್ವಾನುಮತಿ ಅರ್ಜಿ ಇಲ್ಲ, ಒಪ್ಪಿಗೆ ಪತ್ರ ಇಲ್ಲ. ನನ್ನ ನಾಗರಿಕ ಸಂಖ್ಯೆ ಕೇಳಿದಳು, ಕಂಪ್ಯೂಟರಿನಲ್ಲಿ ವಿಮೆ ಕಂಪನಿಯ ಹೆಸರು ಬಂತು, ಮುಗೀತು. ಅಲ್ಲಿಂದ ಮುಂದೆ ಅವಳ ಬಿಲ್ ನೇರ ವಿಮೆಗೆ. ನಾನು ಒಂದು ಸಲವೂ ಪರ್ಸ್ ತೆಗೆಯಲಿಲ್ಲ. ಸ್ಕ್ಯಾನ್‌ಗಳೂ ಹಾಗೇ. ಬೆಂಗಳೂರಿನ ಅಭ್ಯಾಸದಿಂದ ಹೊರಡುವಾಗ "ರಶೀದಿ ಕೊಡ್ತೀರಾ?" ಅಂತ ಕೇಳಿದ್ದೆ. ಯಾವುದಕ್ಕೆ ಅಂತ ಅವಳಿಗೆ ಅರ್ಥವೇ ಆಗಲಿಲ್ಲ.

ಡಿಸೆಂಬರ್‌ನಲ್ಲಿ ಸಕ್ಕರೆ ಪರೀಕ್ಷೆ ಬಂತು. ದಕ್ಷಿಣ ಏಷ್ಯಾ ಮೂಲದವರಿಗೆ ಬಸಿರಿನಲ್ಲಿ ಸಕ್ಕರೆ ಏರುವುದು ಜಾಸ್ತಿ ಅಂತ ನಮ್ಮಂಥವರಿಗೆ 24ರಿಂದ 28 ವಾರದ ನಡುವೆ ಗ್ಲೂಕೋಸ್ ಕುಡಿಸಿ ನೋಡುತ್ತಾರೆ. ಖಾಲಿ ಹೊಟ್ಟೆಯಲ್ಲಿ ಆ ಸಿಹಿ ನೀರು ಕುಡಿದು, ಲ್ಯಾಬಿನ ಬೆಂಚಿನ ಮೇಲೆ ಎರಡು ಗಂಟೆ ಕೂತು, ವಾಂತಿ ತಡೆದುಕೊಂಡೆ. ಮನೆ ಹೆರಿಗೆ ಆಗುತ್ತೋ ಇಲ್ವೋ ಅನ್ನುವುದು ಆ ಎರಡು ಶೀಶೆ ರಕ್ತದಲ್ಲಿತ್ತು. ಇನ್ಸುಲಿನ್ ಬೇಕಾದರೆ ನೇರ ಆಸ್ಪತ್ರೆಯ ಪಾಲು. ಸಕ್ಕರೆ ಸರಿ ಇತ್ತು, ಹಿಮೋಗ್ಲೋಬಿನ್ ಕಡಿಮೆ ಇತ್ತು. ಕಬ್ಬಿಣದ ಮಾತ್ರೆ, ಮತ್ತೆ ಲ್ಯಾಬ್. ಕೆಲವು ವಾರದ ನಂತರ ವಿಮೆಯ ಆಪ್‌ನಲ್ಲಿ ಸಣ್ಣದೊಂದು ಬಿಲ್ ಬಂತು. ಮಿಡ್‌ವೈಫೇ ಬರೆದುಕೊಟ್ಟಿದ್ದರೂ ಲ್ಯಾಬಿನ ರಕ್ತ ಪರೀಕ್ಷೆಯೂ ಮಾತ್ರೆಯೂ ಹೆರಿಗೆ ಸೇವೆಯ ಲೆಕ್ಕಕ್ಕೆ ಬರುವುದಿಲ್ಲವಂತೆ, ಐಖನ್ ರಿಸಿಕೊ ಲೆಕ್ಕಕ್ಕೆ ಬರುತ್ತವಂತೆ. ಕೆಲವು ಹತ್ತು ಯೂರೋ ಅಷ್ಟೇ. ಕಟ್ಟಿ ಮರೆತುಬಿಟ್ಟೆವು.

ಡಿಸೆಂಬರ್ ಇಲ್ಲಿ ವಿಮೆ ಬದಲಾಯಿಸುವ ತಿಂಗಳು. 31ರ ಒಳಗೆ ಹಳೆಯದನ್ನು ಬಿಡಬೇಕು. ಟಿವಿಯಲ್ಲಿ, ಬಸ್ ಸ್ಟಾಪಿನಲ್ಲಿ ಎಲ್ಲ ಕಡೆ ಅದರದ್ದೇ ಜಾಹೀರಾತು. ನನ್ನ ಪಾಲಿಸಿಯಲ್ಲಿ ಗಂಡ ಹಿಂದಿನ ವರ್ಷ ಕಂತು ಕಡಿಮೆಯಾಗಲಿ ಅಂತ ಐಖನ್ ರಿಸಿಕೊವನ್ನು 885ಕ್ಕೆ ಏರಿಸಿಟ್ಟಿದ್ದರು. ಕಾನೂನಿನ 385ರ ಮೇಲೆ ನಮ್ಮಿಷ್ಟದಿಂದ 500ರ ತನಕ ಸೇರಿಸಿಕೊಳ್ಳಬಹುದು. ಆರೋಗ್ಯವಾಗಿರುವ ಕೆಲವರು ಹೀಗೇ ಮಾಡುತ್ತಾರೆ. ಈ ಸಲ ನಾನು ಹಟ ಹಿಡಿದು 385ಕ್ಕೆ ಇಳಿಸಿದೆ. ಹೆರಿಗೆಗೆ ಅದು ಅನ್ವಯಿಸುವುದಿಲ್ಲವಲ್ಲ ಅಂತ ಅವರ ವಾದ. ಹೆರುವವಳು ನಾನು ಅಂತ ನನ್ನ ವಾದ.

ಹೆಚ್ಚುವರಿ ಪಾಲಿಸಿ ಬೇಕೋ ಬೇಡವೋ ಅನ್ನುವುದಕ್ಕೂ ಎಕ್ಸೆಲ್ ಹಾಳೆ ತೆರೆಯಿತು. ಬಾಣಂತನದ ಸೇವೆಯಲ್ಲಿ ನಮ್ಮ ಪಾಲು 2025ಕ್ಕೆ ಗಂಟೆಗೆ 5.40 ಯೂರೋ. ಎದೆಹಾಲು ಕೊಡುವವರಿಗೆ ಸಾಮಾನ್ಯವಾಗಿ 49 ಗಂಟೆ ಸಿಗುತ್ತದೆ. ಅಂದರೆ 265 ಯೂರೋ ಹತ್ತಿರ. ಹೆಚ್ಚುವರಿ ಪಾಲಿಸಿ ಅದನ್ನು ತುಂಬಿಕೊಡುತ್ತದೆ, ಆದರೆ ನಾವು ನೋಡಿದ ಪಾಲಿಸಿಯ ವರ್ಷದ ಕಂತೇ ಅದಕ್ಕಿಂತ ಜಾಸ್ತಿ. ಬೇಡ ಅಂದೆವು. ಫಿಸಿಯೋಥೆರಪಿ, ಹಲ್ಲು ಅಂತ ಬೇರೆ ಉಪಯೋಗ ಇರುವವರಿಗೆ ಲೆಕ್ಕ ಬೇರೆ ಬರಬಹುದು.

ಈ ಬಾಣಂತನದ ಸೇವೆಯ ಬಗ್ಗೆ ಸ್ವಲ್ಪ ಹೇಳಲೇಬೇಕು. ಹೆಸರು ಕ್ರಾಮ್‌ಝೋರ್ಖ್. ಮಗು ಹುಟ್ಟಿದ ಮೇಲೆ ತರಬೇತಿ ಆದ ಹೆಂಗಸೊಬ್ಬಳು ಎಂಟು ದಿನದ ಮಟ್ಟಿಗೆ ಮನೆಗೆ ಬರುತ್ತಾಳೆ. ಕನಿಷ್ಠ 24 ಗಂಟೆ, ಹೆಚ್ಚೆಂದರೆ 80. ಮನೆ ಹೆರಿಗೆಯಾದರೆ ಹೆರಿಗೆ ಹೊತ್ತಲ್ಲೂ ಬಂದು ಮಿಡ್‌ವೈಫ್‌ಗೆ ಕೈಜೋಡಿಸುತ್ತಾಳೆ. ಇದು ಮೂಲ ವಿಮೆಯಲ್ಲೇ ಇದೆ. ಆದರೆ ಜನ ಕಡಿಮೆ, ಬೇಡಿಕೆ ಜಾಸ್ತಿ. ಬಸಿರು ಗೊತ್ತಾದ ಮೊದಲ ತಿಂಗಳುಗಳಲ್ಲೇ ಹೆಸರು ಬರೆಸಬೇಕು. ನಾವು ಕೇಳಿದ ಮೊದಲ ಸಂಸ್ಥೆ ಮಾರ್ಚ್ ಭರ್ತಿ ಅಂತ ಕೈ ಎತ್ತಿತು. ಆಗ ವಿಮೆ ಕಂಪನಿಗೇ ಫೋನ್ ಮಾಡಿದರೆ ಹುಡುಕಿಕೊಡುತ್ತಾರೆ, ಅದು ಅವರ ಕೆಲಸ. ಇದನ್ನು ನಮಗೆ ಹೇಳಿದ್ದು ಪಕ್ಕದ ಮನೆ ಅಜ್ಜಿ. ಹುಡುಕಿಕೊಟ್ಟರು.

ಕೊನೆಯ ತಿಂಗಳಲ್ಲಿ ಮಿಡ್‌ವೈಫ್ ಮನೆ ನೋಡಲು ಬಂದಳು. ನಮ್ಮ ಮಲಗುವ ಕೋಣೆ ಮಹಡಿಯಲ್ಲಿ. ಡಚ್ ಮನೆಗಳ ಮೆಟ್ಟಿಲು ನೋಡಿದವರಿಗೆ ಗೊತ್ತು, ಕಡಿದು, ಕಿರಿದು, ತಿರುವು ಬೇರೆ. ಅವಳು ಮೆಟ್ಟಿಲ ಕೆಳಗೆ ನಿಂತು ತಲೆ ಅಲ್ಲಾಡಿಸಿದಳು. "ಇಲ್ಲಿ ಸ್ಟ್ರೆಚರ್ ತಿರುಗಲ್ಲ. ಏನಾದರೂ ಆದರೆ ಅಗ್ನಿಶಾಮಕದವರನ್ನು ಕರೆಸಿ ಕಿಟಕಿಯಿಂದ ಇಳಿಸಬೇಕಾಗುತ್ತೆ." ಇದು ತಮಾಷೆಯಲ್ಲ, ಇಲ್ಲಿ ನಿಜವಾಗಿಯೂ ಹಾಗೆ ಇಳಿಸುತ್ತಾರೆ. ಬೀದಿಯವರೆಲ್ಲ ನೋಡುತ್ತ ನಿಂತಿರುವಾಗ ಬಾಣಂತಿ ಕ್ರೇನಿನಲ್ಲಿ ಇಳಿದು ಬರುವುದನ್ನು ನೆನೆಸಿಕೊಂಡು ನಾನು ಅಲ್ಲೇ ತೀರ್ಮಾನ ಮಾಡಿದೆ. ಮಂಚ ಹಾಲ್‌ಗೆ ಬಂತು. ಸೋಫಾ ಮಗಳ ಕೋಣೆಗೆ ಹೋಯಿತು.

ಮಂಚದ ಎತ್ತರ ಕೂಡ ನಿಯಮದಲ್ಲಿದೆ. 70 ಸೆಂಟಿಮೀಟರಾದರೂ ಇರಬೇಕು, ಇಲ್ಲದಿದ್ದರೆ ಆರೈಕೆಗೆ ಬರುವವರ ಬೆನ್ನು ಹೋಗುತ್ತದೆ. ಕಾಲಿಗೆ ಇಡುವ ದಿಮ್ಮಿಗಳನ್ನು ಅಂಗಡಿಯಿಂದ ಎರವಲು ತಂದೆವು. ಹೆರಿಗೆ ಪೆಟ್ಟಿಗೆ ನಾವೇ ಕೊಂಡೆವು, ಕೆಲವರಿಗೆ ಹೆಚ್ಚುವರಿ ಪಾಲಿಸಿಯಿಂದ ಬರುತ್ತದೆ. ಹಾಸಿಗೆಗೆ ಹಾಸುವ ಪ್ಲಾಸ್ಟಿಕ್, ದಪ್ಪ ಪ್ಯಾಡ್, ಹೊಕ್ಕುಳಬಳ್ಳಿಯ ಕ್ಲಿಪ್, ಸ್ಪಿರಿಟ್, ಬಟ್ಟೆ ಚೂರು. ಜೊತೆಗೆ ನಾವು ಜೋಡಿಸಿಟ್ಟುಕೊಳ್ಳಬೇಕಾದ್ದು ಬಕೆಟ್, ಥರ್ಮಾಮೀಟರ್, ತೊಟ್ಟಿಲು ಬೆಚ್ಚಗಿಡಲು ಬಿಸಿನೀರು ತುಂಬುವ ಲೋಹದ ಶೀಶೆ. 37 ವಾರದ ಹೊತ್ತಿಗೆ ಎಲ್ಲ ತಯಾರಿರಬೇಕು. ಅದಕ್ಕೂ ಮುಂಚೆ ನೋವು ಬಂದರೆ ಮನೆ ಹೆರಿಗೆ ಇಲ್ಲ, 42 ದಾಟಿದರೂ ಇಲ್ಲ.

ಅಷ್ಟರಲ್ಲಿ ಅಮ್ಮ ದಾವಣಗೆರೆಯಿಂದ ಬಂದಳು. ಅವಳ ವೀಸಾಕ್ಕೂ 30,000 ಯೂರೋ ಮೊತ್ತದ ಪ್ರವಾಸ ವಿಮೆ ಬೇಕಿತ್ತು. "ಹೆರೋದು ನೀನು, ವಿಮೆ ನಂಗೆ" ಅಂತ ನಕ್ಕಳು. ಹಾಲ್‌ನಲ್ಲಿ ಎತ್ತರಕ್ಕೆ ನಿಂತ ಮಂಚ ನೋಡಿ ನಗು ನಿಂತಿತು. ಪೆಟ್ಟಿಗೆಯಿಂದ ಅಂಟಿನುಂಡೆ, ಬಾಣಂತಿ ಪುಡಿ, ಹಳೆ ಪಂಚೆ ತುಂಡುಗಳು ಹೊರಬಂದವು.

ನೋವು ಶುರುವಾದದ್ದು ರಾತ್ರಿ. ಎರಡನೆಯದು ಬೇಗ ಆಗುತ್ತದೆ, ಕಾಯಬೇಡಿ ಅಂದಿದ್ದರು. ಫೋನ್ ಮಾಡಿದ ಸ್ವಲ್ಪ ಹೊತ್ತಿಗೆ ಮಿಡ್‌ವೈಫ್ ಬಂದಳು, ಅವಳ ಹಿಂದೆ ಆರೈಕೆಯವಳು. ದೊಡ್ಡ ದೀಪ ಆರಿಸಿದರು. ಯಾರೂ ಕೂಗಲಿಲ್ಲ, "ಮುಕ್ಕು, ಮುಕ್ಕು" ಅಂತ ಯಾರೂ ಬೈಯಲಿಲ್ಲ. ಬೆಂಗಳೂರಿನಲ್ಲಿ ನನ್ನನ್ನು ಮಲಗಿಸಿ ಕಾಲು ಕಟ್ಟಿದ್ದರು. ಇಲ್ಲಿ ನಾನು ಡೈನಿಂಗ್ ಟೇಬಲ್ ಹಿಡಿದು ನಿಂತೆ, ಮೊಣಕಾಲೂರಿದೆ, ಮಂಚ ಏರಿದೆ, ಇಳಿದೆ. ಮಿಡ್‌ವೈಫ್ ಮಗುವಿನ ಎದೆಬಡಿತ ಕೇಳುತ್ತ, ಬರೆದುಕೊಳ್ಳುತ್ತ ಮೂಲೆಯಲ್ಲಿ ಕೂತಿದ್ದಳು. ಅಮ್ಮ ಅಡುಗೆಮನೆಯಲ್ಲಿ ನೀರು ಕಾಯಿಸುತ್ತಲೇ ಇದ್ದಳು, ಯಾರೂ ಕೇಳಿರಲಿಲ್ಲ. ಬೆಳಕು ಹರಿಯುವ ಮುಂಚೆ ಮಗ ಹುಟ್ಟಿದ. ಅತ್ತ. ಗಂಡ ಬಳ್ಳಿ ಕತ್ತರಿಸಿದರು. ಮಗಳು ಮಹಡಿಯಲ್ಲಿ ಮಲಗಿದ್ದವಳು ಏಳಲೇ ಇಲ್ಲ.

ಮಾಸು ಬೀಳಲಿಲ್ಲ.

ಮಿಡ್‌ವೈಫ್ ಇಂಜೆಕ್ಷನ್ ಕೊಟ್ಟಳು. ನಳಿಗೆ ಹಾಕಿ ಮೂತ್ರ ತೆಗೆದಳು. ಮಗುವನ್ನು ಎದೆಗೆ ಹಚ್ಚಿದಳು. ರಕ್ತ ಹೀರಿದ ಪ್ಯಾಡುಗಳನ್ನು ಒಂದೊಂದಾಗಿ ತಕ್ಕಡಿಯಲ್ಲಿ ಇಟ್ಟು ತೂಗಿ ಬರೆದುಕೊಳ್ಳುತ್ತಿದ್ದಳು. ನಮ್ಮ ಅಡುಗೆಮನೆಯ ತಕ್ಕಡಿಯಂಥದ್ದೇ. ಅವಳ ದನಿ ಒಂದು ಚೂರೂ ಏರಲಿಲ್ಲ, ಆದರೆ ಗಡಿಯಾರ ನೋಡುವುದು ಜಾಸ್ತಿಯಾಯಿತು. ಒಂದು ಗಂಟೆ ಹತ್ತಿರ ಬಂದಾಗ ಫೋನ್ ಎತ್ತಿದಳು. "ಈಗ ಆಸ್ಪತ್ರೆಗೆ ಹೋಗೋಣ. ತುರ್ತಿಲ್ಲ ಅಂತ ಹೇಳಲ್ಲ. ಆದರೆ ಸಮಯ ಇದೆ." ಆಂಬುಲೆನ್ಸ್ ಸೈರನ್ ಇಲ್ಲದೆ ಬೀದಿಗೆ ಬಂದು ನಿಂತಿತು. ಹಾಲ್‌ನಲ್ಲಿ ಮಂಚ ಇದ್ದದ್ದಕ್ಕೆ ಎರಡೇ ನಿಮಿಷದಲ್ಲಿ ಹೊರಗಿದ್ದೆ. ಮಿಡ್‌ವೈಫ್ ನನ್ನ ಜೊತೆ ಹತ್ತಿದಳು, ಮಗು ಅಪ್ಪನ ಜೊತೆ ಹಿಂದಿನ ಕಾರಿನಲ್ಲಿ.

ಭಯ ಆಗಲಿಲ್ವಾ ಅಂದರೆ, ಆಯಿತು. ಆಂಬುಲೆನ್ಸ್‌ನ ಚಾವಣಿ ನೋಡುತ್ತ ಅಜ್ಜಿಯನ್ನು ನೆನೆಸಿಕೊಂಡೆ. ಅವಳ ಕಾಲದಲ್ಲಿ ಮಾಸು ಬೀಳದಿದ್ದರೆ ಏನು ಮಾಡುತ್ತಿದ್ದರು ಅಂತ ಯಾವತ್ತೂ ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ಹೆಸರು ಹೇಳುವ ಮೊದಲೇ ಅವರ ಹತ್ತಿರ ನನ್ನ ಫೈಲ್ ಇತ್ತು. ಅಡ್ವಾನ್ಸ್ ಕಟ್ಟಿ ಅಂತ ಯಾರೂ ಗಂಡನನ್ನು ಕೌಂಟರಿಗೆ ಕಳಿಸಲಿಲ್ಲ. ಬೆನ್ನಿಗೆ ಚುಚ್ಚಿ, ಆಪರೇಷನ್ ಕೋಣೆಯಲ್ಲಿ ಕೈಯಿಂದ ಮಾಸು ತೆಗೆದರು. ಒಂದು ರಾತ್ರಿ ಇಟ್ಟುಕೊಂಡು ಮನೆಗೆ ಕಳಿಸಿದರು. ಡಿಸ್ಚಾರ್ಜ್ ಅಂದರೆ ಒಬ್ಬ ನರ್ಸ್ ಬಂದು "ಬೈ" ಅಂದದ್ದು.

ಆಮೇಲಿನ ದಿನಗಳು ಅಮ್ಮನಿಗೂ ಆರೈಕೆಯವಳಿಗೂ ನಡುವಿನ ಮೌನ ಯುದ್ಧ. ಅವಳು ಬೆಳಿಗ್ಗೆ ಬಂದು ನನ್ನ ಜ್ವರ, ಮಗುವಿನ ಜ್ವರ, ತೂಕ, ಹೊಲಿಗೆ ಎಲ್ಲ ನೋಡಿ ಪುಸ್ತಕದಲ್ಲಿ ಬರೆಯುತ್ತಾಳೆ. ಬಚ್ಚಲು ತೊಳೆಯುತ್ತಾಳೆ, ಬಟ್ಟೆ ಒಗೆಯಲು ಹಾಕುತ್ತಾಳೆ, ಹಾಲು ಕುಡಿಸುವುದನ್ನು ಹೇಳಿಕೊಡುತ್ತಾಳೆ. ಕಿಟಕಿ ತೆರೆಯುತ್ತಾಳೆ. ಅಮ್ಮ ಮುಚ್ಚುತ್ತಾಳೆ. ಅಮ್ಮ ನನ್ನ ಕಿವಿಗೆ ಸ್ಕಾರ್ಫ್ ಕಟ್ಟಿದರೆ ಅವಳು ಬಿಚ್ಚಿ ಜ್ವರ ನೋಡುತ್ತಾಳೆ. ಸಾಂಬ್ರಾಣಿ ಹೊಗೆ ಹಾಕಲು ಹೊರಟಾಗ ಸ್ಮೋಕ್ ಅಲಾರಂ ಆರೈಕೆಯವಳ ಪಕ್ಷ ವಹಿಸಿತು. ಮೆಣಸಿನ ಸಾರು ಮಾತ್ರ ಇಬ್ಬರಿಗೂ ಒಪ್ಪಿಗೆ. ಅವಳು ಎರಡು ಬಟ್ಟಲು ಕುಡಿದಳು. ಬಂದವರಿಗೆಲ್ಲ ಬೆಣ್ಣೆ ಹಚ್ಚಿದ ಗರಿಗರಿ ಬಿಸ್ಕತ್ತಿನ ಮೇಲೆ ನೀಲಿ ಬಿಳಿ ಸೋಂಪಿನ ಸಕ್ಕರೆ ಉದುರಿಸಿ ಕೊಡುವುದು ಇಲ್ಲಿನ ಪದ್ಧತಿ. ಅಮ್ಮ ಪಕ್ಕದಲ್ಲಿ ಒಂದೊಂದು ಅಂಟಿನುಂಡೆಯನ್ನೂ ಇಟ್ಟಳು.

ಆಸ್ಪತ್ರೆಯಲ್ಲಿದ್ದ ಹೊತ್ತಿಗೆ ಆರೈಕೆಯ ಗಂಟೆ ಕಡಿತವಾಗುತ್ತದೆ. ರಕ್ತ ಹೋದದ್ದನ್ನು ಮಿಡ್‌ವೈಫ್ ಬರೆದುಕೊಟ್ಟ ಮೇಲೆ ಕೊನೆಯಲ್ಲಿ ಸ್ವಲ್ಪ ಗಂಟೆ ಸೇರಿಸಿದರು. ಇದನ್ನು ನಾವು ಕೇಳಿರಲಿಲ್ಲ, ಆರೈಕೆಯವಳೇ ಕೇಳಿಕೊಟ್ಟಳು. ಹೊಸದಾಗಿ ಹೋಗುವವರು ಕೇಳಬೇಕು, ಕೇಳಿದರೆ ಸಿಗುತ್ತದೆ.

ಬಿಲ್‌ಗಳು ಏಪ್ರಿಲ್ ಮೇ ಹೊತ್ತಿಗೆ ಆಪ್‌ನಲ್ಲಿ ಒಂದೊಂದಾಗಿ ಕಾಣಿಸಿಕೊಂಡವು. ಮಿಡ್‌ವೈಫ್: ನಿಮ್ಮ ಪಾಲು 0. ಆಪರೇಷನ್, ಆಸ್ಪತ್ರೆ: 0. ವೈದ್ಯಕೀಯ ಕಾರಣದಿಂದ ಹೋದದ್ದಲ್ವಾ, ಕೋಣೆಗೂ 0. ಬಾಣಂತನದ ಗಂಟೆಗಳು: ಲೆಕ್ಕ ಹಾಕಿದ್ದಷ್ಟೇ, 250ರ ಆಸುಪಾಸು. ಆಂಬುಲೆನ್ಸ್: ನಿಮ್ಮ ಪಾಲು 385.

ನಾನೇ ಫೋನ್ ಮಾಡಿದೆ. ಹೆರಿಗೆಗೆ ಐಖನ್ ರಿಸಿಕೊ ಇಲ್ಲ ಅಂತ ನಿಮ್ಮ ಪುಟದಲ್ಲೇ ಇದೆಯಲ್ಲ ಅಂದೆ. ಆ ಕಡೆಯ ಹುಡುಗಿ ಬಹಳ ಮರ್ಯಾದೆಯಿಂದ ಹೇಳಿದಳು. ಹೆರಿಗೆ ಸೇವೆಗೆ ಇಲ್ಲ, ನಿಜ. ಆಂಬುಲೆನ್ಸ್ ಹೆರಿಗೆ ಸೇವೆಯಲ್ಲ, ರೋಗಿ ಸಾಗಣೆ. ಅದಕ್ಕೆ ಇದೆ. ಡಿಸೆಂಬರ್‌ನ ರಕ್ತ ಪರೀಕ್ಷೆಗೆ ಕಟ್ಟಿದ್ದನ್ನು ಇದರಲ್ಲಿ ಕಳೆಯಬಹುದಲ್ಲ ಅಂದೆ. ಅದು 2024ರ ಲೆಕ್ಕ, ಜನವರಿ ಒಂದಕ್ಕೆ ಮತ್ತೆ ಸೊನ್ನೆಯಿಂದ ಶುರು. ಎರಡೂ ನಿಯಮದ ಪ್ರಕಾರ ಸರಿಯೇ. ಆದರೆ ನನಗೆ ಇದು ಒಪ್ಪಿಗೆಯಿಲ್ಲ. ಮನೆಯಲ್ಲಿ ಹೆರಿ ಅಂತ ದುಡ್ಡಿನ ದಾರಿ ಮಾಡಿಕೊಟ್ಟವರು, ಮನೆಯಿಂದ ಆಸ್ಪತ್ರೆಗಿರುವ ದಾರಿಯನ್ನೂ ಹೆರಿಗೆಯೊಳಗೇ ಸೇರಿಸಬೇಕು. ಆ ಅಧ್ಯಯನದಲ್ಲಿ ಗಂಡ ಹಳದಿ ಬಳಿದ ಸಾಲು ಅದೇ ತಾನೇ? ಬೇಗ ಸಾಗಿಸುವ ವ್ಯವಸ್ಥೆ ಇದ್ದರಷ್ಟೇ ಮನೆ ಸುರಕ್ಷಿತ. ಸುರಕ್ಷತೆಯ ಅರ್ಧಕ್ಕೆ ಬಿಲ್ ಹಾಕಿ ಇನ್ನರ್ಧ ಬಿಟ್ಟಿ ಅಂದರೆ ಹೇಗೆ? 385 ಯೂರೋಗೆ ನಾವೇನೂ ಮುಳುಗಲಿಲ್ಲ. ಆದರೆ ಆ ರಾತ್ರಿ "ಆಂಬುಲೆನ್ಸ್ ಬೇಕಾ, ಇನ್ನೂ ಸ್ವಲ್ಪ ಕಾಯೋಣವಾ" ಅಂತ ದುಡ್ಡಿನ ಲೆಕ್ಕ ಹಾಕುವ ಮನೆಗಳೂ ಇರುತ್ತವೆ. ನನ್ನ ಪುಣ್ಯಕ್ಕೆ ಫೋನ್ ಎತ್ತಿದ್ದು ಮಿಡ್‌ವೈಫ್, ನಾವಲ್ಲ.

ಕಂತಿನಲ್ಲಿ ಕಟ್ಟಬಹುದು ಅಂದರು, ಕಂತಿನಲ್ಲೇ ಕಟ್ಟಿದೆವು. 885 ಇದ್ದಿದ್ದರೆ ಬಿಲ್ ಎಲ್ಲಿಗೆ ಏರುತ್ತಿತ್ತು ಅನ್ನುವ ವಿಷಯವನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ, ನಾನೊಬ್ಬಳು ಬಿಟ್ಟು.

ಮಗನನ್ನು ವಿಮೆಗೆ ಸೇರಿಸುವುದು ಸುಲಭ. ಮೂರು ದಿನದೊಳಗೆ ನಗರಸಭೆಯಲ್ಲಿ ಜನನ ಬರೆಸಬೇಕು, ನಾಲ್ಕು ತಿಂಗಳೊಳಗೆ ಪಾಲಿಸಿಗೆ ಹಾಕಬೇಕು. 18 ವರ್ಷದ ತನಕ ಅವನಿಗೆ ಕಂತೂ ಇಲ್ಲ, ಐಖನ್ ರಿಸಿಕೊನೂ ಇಲ್ಲ. ನಗರಸಭೆಯಲ್ಲಿ ಹುಟ್ಟಿದ ಜಾಗ ಕೇಳಿದಾಗ ಗಂಡ ಮನೆ ವಿಳಾಸ ಹೇಳಿದರು. ಗುಮಾಸ್ತ ತಲೆ ಎತ್ತದೆ ಬರೆದುಕೊಂಡ. ದಾವಣಗೆರೆಯಲ್ಲಿ ಆಗಿದ್ದರೆ ಪಕ್ಕದ ಕೌಂಟರಿನವರನ್ನೂ ಕರೆಯುತ್ತಿದ್ದರು.

ಬೆಂಗಳೂರಿನಲ್ಲಿದ್ದಿದ್ದರೆ ಮನೆಯಲ್ಲಿ ಹೆರುತ್ತಿದ್ದೆನಾ ಅಂತ ತಂಗಿ ಕೇಳಿದಳು. ಇಲ್ಲ. ಅಲ್ಲಿ ಮನೆಗೆ ಬರುವ ಮಿಡ್‌ವೈಫ್‌ಗಳು ಅಲ್ಲೊಬ್ಬರು ಇಲ್ಲೊಬ್ಬರು ಇರಬಹುದು. ಆದರೆ ಅವರ ಫೋನಿಗೆ ಎದ್ದು ಬರುವ ಆಂಬುಲೆನ್ಸ್, ಅಡ್ವಾನ್ಸ್ ಕೇಳದೆ ಬಾಗಿಲು ತೆರೆಯುವ ಆಸ್ಪತ್ರೆ, ಇವನ್ನೆಲ್ಲ ಒಂದೇ ದಾರದಲ್ಲಿ ಕಟ್ಟಿದ ವಿಮೆ ಇಲ್ಲ. ಕರ್ನಾಟಕದಲ್ಲಿ ಈಗ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ. ಅದು ಹಾಗೇ ಇರಲಿ. ನಾನು ಅಲ್ಲಿಂದ ಬಯಸುವುದು ಬೇರೆ. ಆಸ್ಪತ್ರೆಯೊಳಗೇ ಇಂಥ ಮಿಡ್‌ವೈಫ್ ಇರಲಿ, ಟೇಬಲ್ ಹಿಡಿದು ನಿಲ್ಲಲು ಬಿಡಲಿ.

ಇಲ್ಲೇ ಹತ್ತಿರದ ಊರು ಹೆಲ್ಮಂಡ್‌ನಲ್ಲಿರುವ ನಮ್ಮ ಕಡೆಯ ಹುಡುಗಿಯೊಬ್ಬಳಿಗೆ ಈಗ ಮೊದಲ ಬಸಿರು. ಮನೆಯೋ ಆಸ್ಪತ್ರೆಯೋ ಅಂತ ಕೇಳಿದಳು. ಅದನ್ನು ನಾನು ಹೇಳಲಾರೆ ಅಂದೆ. ಮೊದಲ ಹೆರಿಗೆಯಲ್ಲಿ ನಡುವೆ ಆಸ್ಪತ್ರೆಗೆ ಹೋಗಬೇಕಾಗುವುದು ಜಾಸ್ತಿ, ಅದನ್ನು ಮಿಡ್‌ವೈಫ್ ಹತ್ತಿರ ಬಿಡಿಸಿ ಕೇಳು ಅಂದೆ. ನಿನ್ನ ಐಖನ್ ರಿಸಿಕೊ ಎಷ್ಟಿದೆ ಅಂತ ಕೇಳಿದೆ. ಗೊತ್ತಿಲ್ಲ, ಗಂಡ ನೋಡಿಕೊಳ್ಳುತ್ತಾನೆ ಅಂದಳು. ಆಪ್ ತೆಗೆದು ನೋಡಿಸಿದೆ. 885 ಇತ್ತು.